ಮೂರಡಿ ಜಾಗ

ಬೆಂಗಳೂರಿನಲ್ಲಿ ಸೈಟ್ ಹುಡುಕಿದವರಿಗೆ ಈ ಕಷ್ಟ ಬೇಗ ಅರ್ಥ ಆಗುತ್ತೆ. ಮುಖ ಯಾವ ದಿಕ್ಕಿಗಿದೆ, ಮಳೆ ಬಂದ್ರೆ ನೀರು ನಿಲ್ಲುತ್ತಾ, ಪಕ್ಕದವರ ಮರದ ಬೇರು ಕಾಂಪೌಂಡ್ ದಾಟಿ ಬಂದಿದೆಯಾ, ಕೆಳಗೆ ಯಾವುದಾದ್ರೂ ಪೈಪ್ ಹೋಗಿದೆಯಾ. ಹೋದ ವರ್ಷ ಎಂಟು ತಿಂಗಳು ನಾನು ಇವೇ ಪ್ರಶ್ನೆಗಳನ್ನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ನನ್ನ ಸೈಟಿನ ಅಳತೆ ಮೂರಡಿಗೆ ಮೂರಡಿ. ಅಲ್ಲಿ ವಾಸಕ್ಕೆ ಬರಬೇಕಿದ್ದದ್ದು ಒಂದು ರೂಬಾರ್ಬ್ ಗಿಡ.

ನಾವಿರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಸಾಲುಮನೆಗಳ ಒಂದು ಬೀದಿಯಲ್ಲಿ. ಮನೆಯ ಹಿಂದೆ ಇಪ್ಪತ್ತಕ್ಕೆ ಮೂವತ್ತಡಿ ಜಾಗ ಇದೆ. ಬೆಂಗಳೂರಿನ 30×40ರ ಲೆಕ್ಕದಲ್ಲಿ ಅದು ಸರಿಯಾಗಿ ಅರ್ಧ, ಹಾಗಾಗಿ ನನ್ನ ಗಂಡ ಅದನ್ನ 'ಅರ್ಧ ಸೈಟು' ಅಂತಾನೆ. ಇಲ್ಲಿಯವರು ಗಾರ್ಡನ್ ಅಂತಾರೆ. ಹಿಂದಿನ ಒಂದು ಮೂಲೆಯಲ್ಲಿ ಮರದ ಶೆಡ್ಡು. ಅದರೊಳಗೆ ಎರಡು ಸೈಕಲ್ಲು, ಊರಿಂದ ಬಂದಾಗಿನ ನಾಲ್ಕು ಖಾಲಿ ಸೂಟ್‌ಕೇಸು. ಒಂದು ಕಡೆ ಕಾಂಪೋಸ್ಟ್ ಡಬ್ಬ, ಬಟ್ಟೆ ಒಣಗಿಸೋ ಹಗ್ಗ. ಉಳಿದದ್ದೆಲ್ಲಾ ಹುಲ್ಲು.

ರೂಬಾರ್ಬ್ ನೋಡದವರಿಗೆ ಹೇಳಬೇಕಂದ್ರೆ, ಎಲೆ ಕೆಸುವಿನ ಎಲೆಯ ಥರ ಅಗಲ, ದಂಟು ಕೆಂಪು ಹರಿವೆಯ ದಂಟನ್ನ ಯಾರೋ ಹಿಗ್ಗಿಸಿ ದಪ್ಪ ಮಾಡಿದ ಹಾಗೆ, ರುಚಿ ಹಸಿ ಹುಣಸೆಕಾಯಿ. ತಿನ್ನೋದು ದಂಟನ್ನ ಮಾತ್ರ. ಸಸ್ಯಶಾಸ್ತ್ರದಲ್ಲಿ ಅದು ತರಕಾರಿ, ಇಲ್ಲಿನ ಅಡುಗೆಮನೆಯಲ್ಲಿ ಹಣ್ಣು. ಸಕ್ಕರೆ ಸುರಿದು ಬೇಯಿಸಿ, ಮೇಲೆ ಹಿಟ್ಟು ಬೆಣ್ಣೆ ಉದುರಿಸಿ ಓವನ್‌ನಲ್ಲಿಟ್ಟು ಕ್ರಂಬಲ್ ಮಾಡ್ತಾರೆ, ಬಿಸಿ ಕಸ್ಟರ್ಡ್ ಹುಯ್ಕೊಂಡು ತಿಂತಾರೆ. ಮೊದಲ ಸಲ ತಿಂದಾಗ ನನಗೆ ಅನ್ನಿಸಿದ್ದು ಇಷ್ಟೇ: ಇಷ್ಟು ಒಳ್ಳೇ ಹುಳಿಯನ್ನ ಈ ಜನ ಸಕ್ಕರೆ ಹಾಕಿ ಹಾಳು ಮಾಡ್ತಿದಾರಲ್ಲ!

ಗಿಡ ಕೊಟ್ಟದ್ದು ಪಕ್ಕದ ಮನೆಯ ಅಜ್ಜ. ವಯಸ್ಸು ಎಂಬತ್ತರ ಹತ್ತಿರ, ಒಬ್ಬರೇ ಇದ್ದಾರೆ. ಯಾರ್ಕ್‌ಷೈರ್ ಕಡೆಯವರು ಎಲ್ಲರನ್ನೂ 'ಲವ್' ಅಂತ ಕರೀತಾರೆ. ಬಸ್ ಡ್ರೈವರ್, ಅಂಗಡಿಯವರು, ರಕ್ತ ತೆಗೆಯೋ ನರ್ಸ್, ಯಾರಾದ್ರೂ ಸರಿ. ಬಂದ ಹೊಸದರಲ್ಲಿ ನನ್ನ ಗಂಡನನ್ನ ಒಬ್ಬ ಪ್ಲಂಬರ್ ಹಾಗೆ ಕರೆದು, ಇವನು ಸಂಜೆತನಕ ಒಂಥರಾ ಇದ್ದ. ಫೆಬ್ರವರಿಯ ಒಂದು ಶನಿವಾರ ಅಜ್ಜ ಬೇಲಿಯ ಮೇಲಿಂದ, "ಲವ್, ಒಂದು ನಿಮಿಷ ಬರ್ತೀಯಾ" ಅಂದ್ರು. ಹೋಗಿ ನೋಡಿದ್ರೆ ನೆಲದ ಮೇಲೆ ಸುವರ್ಣಗಡ್ಡೆಯಂಥ ಒಂದು ಒರಟು ಗಡ್ಡೆ, ಮೇಲೆ ಅಲ್ಲಲ್ಲಿ ಗುಲಾಬಿ ಬಣ್ಣದ ದಪ್ಪ ಮೊಗ್ಗು. ಕೆಲವು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ, ಗಿಡ ಮಲಗಿದ್ದಾಗ, ಅದನ್ನ ಕಿತ್ತು ಹೋಳು ಮಾಡಬೇಕಂತೆ. ಇಲ್ಲದಿದ್ರೆ ನಡುವೆ ಸೊರಗಿ ದಂಟು ತೆಳ್ಳಗಾಗುತ್ತೆ. ಪ್ರತಿ ಹೋಳಿಗೂ ಕನಿಷ್ಠ ಒಂದು ಮೊಗ್ಗು ಇರಲೇಬೇಕು. ಅಜ್ಜ ಗುದ್ದಲಿಯ ಬಾಯಿ ಇಟ್ಟು ಕಾಲಿಂದ ಒತ್ತಿದ್ರು, ಗಡ್ಡೆ ಎರಡಾಯ್ತು. ಒಂದು ಹೋಳನ್ನ ಹಳೇ ಪೇಪರಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ಬಿಸಿಲು ಬೇಕು. ನೀರು ನಿಲ್ಲಬಾರದು. ಗೊಬ್ಬರ ಹೊಟ್ಟೆ ತುಂಬ ಹಾಕು. ಮೊದಲನೇ ವರ್ಷ ಒಂದು ದಂಟನ್ನೂ ಮುರೀಬೇಡ, ಎರಡನೇ ವರ್ಷ ಸ್ವಲ್ಪ ತಗೋ. ಯೋಚನೆ ಮಾಡಿ ನೆಡು ಲವ್. ಹತ್ತು ವರ್ಷ ಅದು ಅಲ್ಲೇ ಇರುತ್ತೆ."

ಅವರ ಗಿಡ ಅವರ ಹೆಂಡತಿ ನೆಟ್ಟದ್ದು. ಮಕ್ಕಳು ಸ್ಕೂಲಿಗೆ ಸೇರಿದ ವರ್ಷ. ಈಗ ಆ ಮಕ್ಕಳಿಗೇ ತಲೆ ಬೆಳ್ಳಗಾಗಿದೆ.

ನಾನು ಪೇಪರ್ ಪೊಟ್ಟಣ ಹಿಡ್ಕೊಂಡು ನಮ್ಮ ಅರ್ಧ ಸೈಟಿಗೆ ಬಂದು ನಿಂತೆ. ಬಿಸಿಲು, ನೀರು, ಗೊಬ್ಬರ ಎಲ್ಲಾ ಸರಿ. ಆ 'ಹತ್ತು ವರ್ಷ' ಮಾತ್ರ ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿತು.

ನಾವು ಇಲ್ಲಿಗೆ ಬಂದದ್ದು ಎರಡು ವರ್ಷಕ್ಕೆ. ಇದು ಎಂಟನೇ ವರ್ಷ. ಹೊರಗೆ ಬಂದ ಎಲ್ಲರೂ ಎರಡೇ ವರ್ಷಕ್ಕೆ ಬಂದಿರ್ತಾರೆ, ಓದ್ತಿರೋ ನಿಮ್ಮಲ್ಲೂ ಕೆಲವರು ಈಗ ನಕ್ಕಿರ್ತೀರಿ. ಆ ಎರಡು ವರ್ಷ ಮುಗಿಯೋದೇ ಇಲ್ಲ, ಪ್ರತಿ ಸಲ ಹೊಸದಾಗಿ ಶುರುವಾಗುತ್ತೆ. ಫೋನ್ ಕಾಂಟ್ರಾಕ್ಟ್ 24 ತಿಂಗಳು, ಮನೆಸಾಲದ ಬಡ್ಡಿ ಎರಡು ವರ್ಷಕ್ಕೆ ಫಿಕ್ಸ್, ಪ್ರಾಜೆಕ್ಟ್ ಒಂದೂವರೆ ವರ್ಷ. ಸಾಲ ಮೂವತ್ತು ವರ್ಷದ್ದೇ, ಆದರೆ ಬೇಕಾದಾಗ ಮನೆ ಮಾರಿ ತೀರಿಸಬಹುದು ಅಂತ ಗಂಡ ಸಹಿ ಹಾಕೋ ದಿನವೇ ಸಮಾಧಾನ ಹೇಳಿದ್ದ. ಅಂಥ ಬಾಗಿಲು ಎಲ್ಲದರಲ್ಲೂ ಒಂದು ಇಟ್ಟುಕೊಂಡೇ ಬದುಕಿದವರು ನಾವು.

ಯಾಕಂದ್ರೆ ಧಾರವಾಡದಲ್ಲಿ ಅವ್ವ ಒಬ್ಬಳೇ. ಅಪ್ಪ ಹೋಗಿ ನಾಲ್ಕು ವರ್ಷ. ನಾನು ಒಬ್ಬಳೇ ಮಗಳು. ಅವ್ವನ್ನ ಇಲ್ಲಿಗೇ ಕರ್ಕೊಂಡು ಬಂದುಬಿಡಿ ಅಂತ ನೆಂಟರು ಸುಲಭವಾಗಿ ಹೇಳ್ತಾರೆ. 2012ರಲ್ಲಿ ಇಲ್ಲಿನ ಸರ್ಕಾರ ಆ ನಿಯಮ ಬಿಗಿ ಮಾಡ್ತು. ತಂದೆತಾಯಿ ಇಲ್ಲೇ ನೆಲೆಸಬೇಕಂದ್ರೆ ಅವರಿಗೆ ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಕೈ ಬೇಕಾಗುವಷ್ಟು ವಯಸ್ಸಾಗಿರಬೇಕು ಇಲ್ಲವೇ ಕಾಯಿಲೆ ಇರಬೇಕು, ಮತ್ತು ಅಂಥ ಆರೈಕೆ ಅವರ ದೇಶದಲ್ಲಿ ಸಿಗೋಲ್ಲ ಅಂತ ತೋರಿಸಬೇಕು. ಅಂದ್ರೆ ಅವ್ವ ಗಟ್ಟಿಯಾಗಿರೋ ತನಕ ಬರೋ ಹಾಗಿಲ್ಲ. ವಿಸಿಟರ್ ವೀಸಾ ಆರು ತಿಂಗಳು. ಆಮೇಲೆ ವಾಪಸ್.

ಇದನ್ನೆಲ್ಲಾ ನಾನೂ ಗಂಡನೂ ಕೂತು ಮಾತಾಡಿರಲಿಲ್ಲ. ಮಾತಾಡದೇ ಇರೋದಕ್ಕೆ 'ಎರಡು ವರ್ಷ' ಅನ್ನೋದು ಬಹಳ ಅನುಕೂಲದ ಮಾತು.

ಆವತ್ತು ಗಡ್ಡೆಯನ್ನ ಒಂದು ದೊಡ್ಡ ಕುಂಡದಲ್ಲಿ ಹಾಕಿ ಇಟ್ಟೆ. "ಸದ್ಯಕ್ಕೆ ಇರಲಿ, ಒಳ್ಳೇ ಜಾಗ ಸಿಕ್ಕಮೇಲೆ ನೆಡೋಣ" ಅಂದೆ.

"ಇರೋದೇ ಅರ್ಧ ಸೈಟು, ಅದರಲ್ಲಿ ಇನ್ನೆಷ್ಟು ಹುಡುಕ್ತೀಯೇ?" ಅಂದ ಗಂಡ. ತುಮಕೂರಿನವನು, ತೆಂಗು ಬಿಟ್ಟರೆ ಬೇರೆ ಗಿಡಕ್ಕೆ ಮರ್ಯಾದೆ ಕೊಡೋನಲ್ಲ.

ಹುಡುಕಿದೆ. ನನ್ನ ಕೆಲಸ ಡೇಟಾ ಅನಾಲಿಸಿಸ್, ಹಾಗಾಗಿ ಮಾಡೋದನ್ನೇ ಮಾಡಿದೆ. ಶನಿವಾರ ಬೆಳಿಗ್ಗೆಯಿಂದ ಎರಡು ಗಂಟೆಗೊಮ್ಮೆ ಮಹಡಿ ಕಿಟಕಿಯಿಂದ ಫೋಟೋ ತೆಗೆದೆ, ಗಾರ್ಡನ್ನನ್ನ ಎಕ್ಸೆಲ್‌ನಲ್ಲಿ ಮೂರಡಿಯ ಚೌಕಗಳಾಗಿ ಹಾಕ್ಕೊಂಡೆ, ಬಿಸಿಲು ಬಿದ್ದದ್ದಕ್ಕೆ ಹಳದಿ, ನೆರಳಿಗೆ ಬೂದಿ. ಸಂಜೆ ನೋಡಿದ್ರೆ ಇಡೀ ಶೀಟು ಬೂದಿ. ನಮ್ಮ ಮನೆ ದಕ್ಷಿಣಕ್ಕಿದೆ, ಗಾರ್ಡನ್ ಅದರ ಬೆನ್ನಿಗೆ ಉತ್ತರದಲ್ಲಿ. ಚಳಿಗಾಲದಲ್ಲಿ ಮನೆಯ ನೆರಳೇ ಎಲ್ಲವನ್ನೂ ನುಂಗಿಬಿಡುತ್ತೆ. ಲೆಕ್ಕ ಹಾಕಿದ್ರೆ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನವೂ ಲೀಡ್ಸ್‌ನ ಸೂರ್ಯ ದಿಗಂತದಿಂದ ಮೇಲೇಳೋದು 13 ಡಿಗ್ರಿ. ಆರಡಿ ಬೇಲಿಯ ನೆರಳು 26 ಅಡಿ! ಜೂನ್ ಕೊನೆಗೆ ಅದೇ ಸೂರ್ಯ 60 ಡಿಗ್ರಿ ಹತ್ತಿರ ಬರ್ತಾನೆ, ಅದೇ ಬೇಲಿಯ ನೆರಳು ಮೂರೂವರೆ ಅಡಿಗೆ ಕುಗ್ಗುತ್ತೆ. ಧಾರವಾಡದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಸೀದಾ ನೆತ್ತಿಯ ಮೇಲೇ ನಿಲ್ತಾನೆ. ಅಲ್ಲಿ ಬೆಳೆದ ನಾನು ಮನೆ ಕೊಳ್ಳುವಾಗ ಗಾರ್ಡನ್ ಯಾವ ದಿಕ್ಕಿಗಿದೆ ಅಂತ ಕೇಳಲೇ ಇಲ್ಲ. ನಮ್ಮ ಕಡೆ 'ನೆರಳಿದೆ' ಅಂದ್ರೆ ಹೊಗಳಿಕೆ. ಇಲ್ಲಿ ಮನೆ ಮಾರೋ ಏಜೆಂಟರು ದಕ್ಷಿಣಕ್ಕೆ ಮುಖ ಮಾಡಿದ ಗಾರ್ಡನ್ ಇದ್ರೆ ಅದನ್ನ ದಪ್ಪ ಅಕ್ಷರದಲ್ಲಿ ಹಾಕ್ತಾರೆ.

ಅಜ್ಜನಿಗೆ ಶೀಟ್ ತೋರಿಸಿದೆ. ಅವರು ಕನ್ನಡಕ ಹಾಕ್ಕೊಂಡು ಗಂಭೀರವಾಗಿ ನೋಡಿ, "ಚೆನ್ನಾಗಿದೆ. ಆದರೆ ಗಿಡ ಈಗ ಮಲಗಿದೆ ಲವ್. ಮಲಗಿರೋರಿಗೆ ಬಿಸಿಲು ಯಾಕೆ? ಎಲೆ ಬಂದಮೇಲೆ ನೋಡು" ಅಂದ್ರು. ರೂಬಾರ್ಬ್‌ಗೆ ಚಳಿಗಾಲದ ಚಳಿ ಬೇಕೇ ಬೇಕು. ಅಷ್ಟು ದಿನ ಚೆನ್ನಾಗಿ ಕೊರೆಸಿಕೊಂಡರೇನೇ ವಸಂತದಲ್ಲಿ ಎಚ್ಚರ ಆಗೋದು. ಬಿಸಿಲು ಬೇಕಾದದ್ದು ಏಪ್ರಿಲ್‌ನಿಂದ ಆಚೆಗೆ.

ಅಲ್ಲಿತನಕ ಮಾಡೋಕೆ ಉಳಿದದ್ದು ನೀರಿನ ಪರೀಕ್ಷೆ. ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಎಷ್ಟು ಹೊತ್ತಿಗೆ ಇಂಗುತ್ತೆ ಅಂತ ನೋಡೋದು. ಬಲಗಡೆ ಹಿಂದಿನ ಮೂಲೆಯಲ್ಲಿ ಸಂಜೆ ಹುಯ್ದ ನೀರು ಬೆಳಿಗ್ಗೆಯೂ ಇತ್ತು, ಮೇಲೆ ತೆಳ್ಳಗೆ ಐಸ್ ಕಟ್ಟಿಕೊಂಡು. ಅಲ್ಲಿ ನೆಟ್ಟರೆ ಗಡ್ಡೆ ಕೊಳೆಯೋದು ಗ್ಯಾರಂಟಿ. ಪಶ್ಚಿಮದ ಬೇಲಿಯ ಪಕ್ಕ ಇನ್ನೊಂದು ಮನೆಯವರ ಎತ್ತರದ ಲೇಲ್ಯಾಂಡಿ ಗಿಡಗಳ ಸಾಲು. ಅದರ ಬುಡದಲ್ಲಿ ಮಣ್ಣು ಬೂದಿಯ ಹಾಗೆ ಒಣಗಿತ್ತು, ನೀರೆಲ್ಲಾ ಅವೇ ಕುಡಿದುಬಿಡ್ತವೆ. ಅಡುಗೆಮನೆ ಕಿಟಕಿ ಕೆಳಗೆ ಮ್ಯಾನ್‌ಹೋಲ್. ಕಾಂಪೋಸ್ಟ್ ಡಬ್ಬದ ಪಕ್ಕ ಜಾಗವಿತ್ತು, ಆದರೆ ಪೂರ್ತಿ ಬೆಳೆದ ರೂಬಾರ್ಬ್ ಎಲೆ ಬಿಡಿಸಿ ಕೂತರೆ ಡಬ್ಬದ ಮುಚ್ಚಳ ತೆಗೆಯೋಕಾಗಲ್ಲ. ಉಳಿದದ್ದು ಹಿಂದಿನ ಬೇಲಿಯ ನಡುಭಾಗ, ಶೆಡ್ಡಿಗೂ ಆ ನೀರು ನಿಲ್ಲೋ ಮೂಲೆಗೂ ಮಧ್ಯೆ. ಅಲ್ಲೂ ಏನೋ ಕೊರತೆ ಹುಡುಕಿದೆ. ಹುಡುಕಿದರೆ ಕೊರತೆ ಸಿಗದ ಜಾಗ ಯಾವುದಿದೆ?

ಈ ಮಧ್ಯೆ ರೂಬಾರ್ಬ್ ಬಗ್ಗೆ ಓದ್ತಾ ಓದ್ತಾ ಗೊತ್ತಾಯ್ತು, ನಾವಿರೋದೇ ಅದರ ರಾಜಧಾನಿಯ ಅಂಚಿನಲ್ಲಿ. ವೇಕ್‌ಫೀಲ್ಡ್, ಮಾರ್ಲಿ, ರಾಥ್‌ವೆಲ್ ಈ ಮೂರು ಊರುಗಳ ನಡುವಿನ ಜಾಗವನ್ನ 'ರೂಬಾರ್ಬ್ ಟ್ರಯಾಂಗಲ್' ಅಂತಾರೆ. ನಮ್ಮ ಧಾರವಾಡ ಪೇಡೆಗೆ ಜಿ.ಐ. ಸಿಕ್ಕ ಹಾಗೆ ಇಲ್ಲಿನ 'ಯಾರ್ಕ್‌ಷೈರ್ ಫೋರ್ಸ್ಡ್ ರೂಬಾರ್ಬ್'ಗೆ 2010ರಲ್ಲಿ ಯುರೋಪಿಯನ್ ಯೂನಿಯನ್ನಿನ ಅಂಥದ್ದೇ ರಕ್ಷಣೆ ಸಿಕ್ತು. ಫೆಬ್ರವರಿ ಕೊನೆಗೆ ಒಂದು ಭಾನುವಾರ ಗಂಡನನ್ನ ಎಳ್ಕೊಂಡು ಅಂಥ ಒಂದು ಫಾರ್ಮ್ ನೋಡೋಕೆ ಹೋದೆ.

ಉದ್ದನೆಯ, ತಗ್ಗು ಚಾವಣಿಯ ಕತ್ತಲೆ ಶೆಡ್ಡು. ಒಳಗೆ ಅಲ್ಲಲ್ಲಿ ಕಡ್ಡಿಗೆ ಸಿಕ್ಕಿಸಿದ ಮೇಣದ ಬತ್ತಿ. ಆ ಬೆಳಕಲ್ಲಿ ನೆಲದ ತುಂಬ ಸಾವಿರಾರು ಗುಲಾಬಿ ದಂಟು, ತುದಿಯಲ್ಲಿ ಮುದುಡಿದ ಹಳದಿ ಎಲೆ. ಬೆಳಕು ಬಿದ್ದರೆ ಗಿಡ ಎಲೆ ಬಿಡಿಸಿ ಅಡುಗೆ ಶುರು ಮಾಡುತ್ತೆ, ದಂಟು ಗಟ್ಟಿಯಾಗುತ್ತೆ. ಅದಕ್ಕೇ ಕೊಯ್ಯುವವರೂ ಮೇಣದ ಬತ್ತಿ ಬೆಳಕಲ್ಲೇ ಕೊಯ್ತಾರೆ. ಎರಡು ವರ್ಷ ಗಡ್ಡೆಗಳನ್ನ ಹೊಲದಲ್ಲಿ ಬಿಟ್ಟು, ಒಂದೂ ದಂಟು ಮುರಿಯದೆ ಬೆಳೆಸ್ತಾರೆ. ಚಳಿಗಾಲ ಶುರುವಾಗಿ ಹಿಮ ಬಿದ್ದು ಸರಿಯಾಗಿ ಕೊರೆದಮೇಲೆ ಕಿತ್ತು ತಂದು ಈ ಕತ್ತಲೆಯಲ್ಲಿ ಬೆಚ್ಚಗೆ ಇಡ್ತಾರೆ. ಗಡ್ಡೆ ತಾನು ಎರಡು ವರ್ಷ ಕೂಡಿಟ್ಟ ಶಕ್ತಿಯನ್ನೆಲ್ಲಾ ದಂಟಿಗೆ ಸುರಿಯುತ್ತೆ, ಬೆಳಕು ಹುಡುಕ್ತಾ ಮೇಲಕ್ಕೆ ಓಡುತ್ತೆ. ಸುಮ್ಮನೆ ನಿಂತು ಕೇಳಿದರೆ ಮೊಗ್ಗು ಬಿರಿಯೋ ಸದ್ದು ಟಪ್ ಅಂತ ನಿಜವಾಗ್ಲೂ ಕೇಳುತ್ತೆ. ನನಗಂತೂ ಕೇಳಿಸ್ತು. ಗಂಡ ಚಾವಣಿ ಸೋರ್ತಿದೆ ಅಂದ.

ಈ ಬೆಳೆ ಇಲ್ಲೇ ಯಾಕೆ ಬಂತು ಅನ್ನೋದೂ ಜಾಗದ ಕಥೆಯೇ. ಪಕ್ಕದಲ್ಲೇ ಕಲ್ಲಿದ್ದಲು ಗಣಿ, ಹಾಗಾಗಿ ಶೆಡ್ಡು ಕಾಯಿಸೋಕೆ ಅಗ್ಗದ ಇಂಧನ. ಪಕ್ಕದಲ್ಲೇ ಉಣ್ಣೆ ಮಿಲ್ಲುಗಳು, ಅವುಗಳ ಚಿಂದಿ ಕಸ ಹೊಲಕ್ಕೆ ನೈಟ್ರೋಜನ್ ಗೊಬ್ಬರ. ಪೆನೈನ್ ಬೆಟ್ಟಗಳ ತಪ್ಪಲಿನ ಚಳಿ, ಮಳೆ. ಮತ್ತೆ ಲಂಡನ್ನಿಗೆ ರೈಲು. ರೂಬಾರ್ಬ್ ಹೇರಿಕೊಂಡು ರಾತ್ರೋರಾತ್ರಿ ಹೋಗೋ ಸ್ಪೆಷಲ್ ರೈಲೇ ಇತ್ತು. ಗಣಿ ಮುಚ್ಚಿದವು, ಮಿಲ್ಲುಗಳು ಅಪಾರ್ಟ್‌ಮೆಂಟಾದವು, ಗಿಡ ಉಳೀತು.

ಹೊರಗೆ ಬರುವಾಗ ಕೇಳಿದೆ, ಕೊಯ್ಲು ಮುಗಿದಮೇಲೆ ಈ ಗಡ್ಡೆಗಳನ್ನ ಏನ್ಮಾಡ್ತೀರಿ ಅಂತ. ಎಸೀತೀವಿ ಅಂದ್ರು. ಅವುಗಳಲ್ಲಿ ಇನ್ನೇನೂ ಉಳಿದಿರಲ್ಲ. ಗಂಡ ಕಾರ್ ಸ್ಟಾರ್ಟ್ ಮಾಡ್ತಾ, "ಥೇಟ್ ನಮ್ಮ ಹಳೇ ಕಂಪನಿ ಕಣೇ. ಎರಡು ವರ್ಷ ಬೆಂಚು, ಆಮೇಲೆ ನೈಟ್ ಶಿಫ್ಟು" ಅಂದ. ಜೋರಾಗಿ ನಕ್ಕೆವು. ರಿಂಗ್ ರೋಡ್ ಬರೋ ಹೊತ್ತಿಗೆ ಇಬ್ಬರೂ ಸುಮ್ಮನಾಗಿದ್ವಿ.

ಅವ್ವ ಬಂದದ್ದು ಏಪ್ರಿಲ್ ಕೊನೇ ವಾರ, ಆರು ತಿಂಗಳಿಗೆ. ಬಂದ ಮರುದಿನ ಬೆಳಿಗ್ಗೆ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ನನ್ನ ಗಂಡನ ಜಾಕೆಟ್ ಹಾಕ್ಕೊಂಡು ಹಿತ್ತಲಿಗೆ ಹೋದಳು. ಅಷ್ಟೊತ್ತಿಗೆ ಕುಂಡದಲ್ಲಿ ಐದಾರು ಎಲೆ ಬಂದಿದ್ದವು.

"ಇದನ್ಯಾಕ ಕುಂಡ್ಯಾಗ ಇಟ್ಟೀಯವಾ? ಬೇರಿಗೆ ಜಾಗಾ ಸಾಲಂಗಿಲ್ಲ."

"ಒಳ್ಳೆ ಜಾಗಾ ಹುಡುಕಾಕತ್ತೇನಿ."

ಅವ್ವ ಹಿತ್ತಲನ್ನ ಒಂದು ಸಲ ಈ ತುದಿಯಿಂದ ಆ ತುದಿಗೆ ನೋಡಿದಳು, ನನ್ನನ್ನ ಒಂದು ಸಲ ನೋಡಿದಳು. ಏನೂ ಅನ್ನಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಮಹಡಿಯಲ್ಲಿ ಮೀಟಿಂಗ್‌ನಲ್ಲಿದ್ದೆ. ಕೆಳಗಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಹಿಂದೆಯೇ ಒಂದು ಹುಳಿ ವಾಸನೆ, ಎಷ್ಟೋ ವರ್ಷದಿಂದ ಮರೆತದ್ದು. ಒಂದು ಕ್ಷಣ ಬಾಯಲ್ಲಿ ನೀರು ಬಂತು, ಮರುಕ್ಷಣ ಎದೆ ಧಸಕ್ ಅಂತು. ಕ್ಯಾಮೆರಾ ಆಫ್ ಮಾಡಿ ಓಡಿದೆ. ಒಲೆಯ ಮೇಲೆ ಜೋಳದ ನುಚ್ಚಿನ ಜೊತೆ ಕುದೀತಿತ್ತು, ಅವ್ವನ ಪುಂಡಿಪಲ್ಯ.

"ಬಾರವಾ! ದಂಟು ಕೆಂಪ ಐತಿ, ಮುರದ್ರ ಹುಳಿ ವಾಸ್ನಿ. ನನಗ ಆವತ್ತ ಗೊತ್ತಾತು, ಇದು ಪುಂಡಿ ಕುಲದ್ದ ಅಂತ. ಎಲಿ ಅಷ್ಟ ಕೊಯ್ಕೊಂಡೆ, ದಂಟು ನಾರು ಇರತೈತಿ ಅಂತ ಒಗದೆ."

ಪುಂಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಪುಂಡಿ ದಾಸವಾಳದ ಬಳಗ. ಪುಂಡಿಯಲ್ಲಿ ಎಲೆ ತಿಂದು ದಂಟು ಬಿಡ್ತೀವಿ. ರೂಬಾರ್ಬ್‌ನಲ್ಲಿ ದಂಟು ತಿನ್ನಬೇಕು, ಎಲೆ ವಿಷ. ಆಕ್ಸಾಲಿಕ್ ಆಸಿಡ್ ತುಂಬಿರುತ್ತೆ, ಕಿಡ್ನಿ ಹಾಳಾಗುತ್ತೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಲ್ಲಿ ತರಕಾರಿ ಅಭಾವ ಬಂದು, ರೂಬಾರ್ಬ್ ಎಲೆಯನ್ನೂ ಬೇಯಿಸಿ ತಿನ್ನಿ ಅಂತ ಸಲಹೆ ಕೊಟ್ಟು, ಜನ ಸತ್ತದ್ದೂ ಇದೆ. ನಾನು ಇದೆಲ್ಲಾ ಓದಿದ್ದೆ, ಅವ್ವನಿಗೆ ಹೇಳಿರಲಿಲ್ಲ. ಹಿತ್ತಲ ಸೊಪ್ಪನ್ನ ಅವ್ವ ಸುಮ್ಮನೆ ಬಿಡ್ತಾಳೆ ಅಂತ ಅದು ಹೇಗೆ ಅಂದ್ಕೊಂಡೆನೋ.

"ತಿಂದಿ ಏನು? ಖರೇ ಹೇಳು."

"ಉಪ್ಪು ನೋಡಾಕ ಒಂಚೂರು ಅಂಗೈಗೆ ಹಾಕ್ಕೊಂಡು ನೆಕ್ಕಿದೆ. ಯಾಕ?"

111ಕ್ಕೆ ಫೋನ್ ಮಾಡಿದೆ. ಆ ಕಡೆಯವರು ಸಮಾಧಾನವಾಗಿ ಎಷ್ಟು ತಿಂದರು, ಯಾವಾಗ, ಬಾಯಿ ಗಂಟಲು ಉರೀತಿದೆಯಾ, ವಾಂತಿ ಆಯ್ತಾ ಅಂತೆಲ್ಲಾ ಕೇಳಿ, ಅಷ್ಟು ಕಡಿಮೆಗೆ ಹೆದರಬೇಡಿ, ನೀರು ಕುಡಿಸಿ ನೋಡ್ತಿರಿ ಅಂದ್ರು. ಆ ರಾತ್ರಿ ನಾನು ಅವ್ವನ ಪಕ್ಕ ಮಲಗಿದೆ. ಅವಳು ಗೊರಕೆ ಹೊಡೆದಳು, ನಾನು ಎಣಿಸ್ತಾ ಕೂತೆ. ಈ ಮನೆಯಲ್ಲಿ ನಾನೊಂದು ಬಾಗಿಲಾಚೆ ಇದ್ದೆ, ಆದರೂ ಹೀಗಾಯ್ತು. ಧಾರವಾಡದಲ್ಲಿ ಅವಳು ಜಾರಿ ಬಿದ್ದರೆ ಯಾವ ವಾಸನೆ ನನ್ನ ತನಕ ಬರುತ್ತೆ?

ಬೆಳಿಗ್ಗೆ ಅವ್ವನ ಸಿಟ್ಟು ನುಚ್ಚು ಚೆಲ್ಲಿದ್ದರ ಬಗ್ಗೆ ಮಾತ್ರ. "ಎಲಿ ತಿನ್ನಾಕ ಬರಂಗಿಲ್ಲಂದ್ರ ಅಷ್ಟ ದೊಡ್ಡ ಎಲಿ ಯಾಕರ ಬಿಡತೈತಿ ಅದು?" ಅಂದಳು. ಜೂನ್‌ನಲ್ಲಿ ಅಜ್ಜ ಒಂದು ಕಟ್ಟು ದಂಟು ಕೊಟ್ಟರು, ಎಲೆ ಕತ್ತರಿಸಿ ಅವರೇ ಕಾಂಪೋಸ್ಟಿಗೆ ಹಾಕಿದ್ದರು. ಹಾಗೆ ಹಾಕಬಹುದು, ಕೊಳೆತರೆ ವಿಷ ಉಳಿಯಲ್ಲ. ಅವ್ವ ಬೆಲ್ಲ, ಎಳ್ಳು, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದಳು. ಹುಣಸೆಹಣ್ಣು ಬೇಕಾಗಲೇ ಇಲ್ಲ. ಅಜ್ಜನಿಗೂ ಒಂದು ಡಬ್ಬಿ ಹೋಯ್ತು. ಅವರು ಅದನ್ನ ಚೀಸ್ ಜೊತೆ ತಿಂದರು ಅಂತ ತಿಳಿದು ಅವ್ವ ಎರಡು ದಿನ ನಕ್ಕಳು.

ಅವ್ವನ ಎಲೆ ಕೊಯ್ಲಿನಿಂದ ಕುಂಡದ ಗಿಡ ಮುನಿಸಿಕೊಂಡು ಕೂತಿತ್ತು. ನಾನು ಏಪ್ರಿಲ್, ಮೇ, ಜೂನ್ ಮೂರು ತಿಂಗಳೂ ಫೋಟೋ ತೆಗೆದು ಶೀಟ್ ತುಂಬಿಸಿದೆ. ಈ ಸಲ ಹಳದಿ ಬಂತು, ಆದರೆ ಚದುರಿದ ಹಾಗೆ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗೋದು ವಾಯವ್ಯದಲ್ಲಿ, ರಾತ್ರಿ ಒಂಬತ್ತೂವರೆ ದಾಟಿದಮೇಲೆ. ಹಾಗಾಗಿ ಸಂಜೆಯ ಓರೆ ಬಿಸಿಲು ನಾನು ಅಂದ್ಕೊಳ್ಳದ ಕಡೆಯೆಲ್ಲಾ ಬೀಳ್ತಿತ್ತು. ಒಂದು ದಿನ ಮೋಡ, ಒಂದು ದಿನ ಮೀಟಿಂಗು, ಅರ್ಧ ಚೌಕಗಳು ಖಾಲಿ.

ಅವ್ವನ ಹತ್ತಿರ ಶೀಟ್ ಇರಲಿಲ್ಲ, ಪ್ಲಾಸ್ಟಿಕ್ ಕುರ್ಚಿ ಇತ್ತು. ಅವಳಿಗೆ ಇಲ್ಲಿ ಬೇಸಿಗೆಯಲ್ಲೂ ಚಳಿ. ಬೆಳಿಗ್ಗೆ ತಿಂಡಿ ಆದಮೇಲೆ ಕುರ್ಚಿ ತಗೊಂಡು ಹಿತ್ತಲಿಗೆ ಹೋಗೋಳು. ನೆರಳು ಬಂದ ಹಾಗೆ ಕುರ್ಚಿ ಎಳ್ಕೊಂಡು ಸರಿಯೋಳು. ಕೂತಲ್ಲೇ ಕಾಯಿಪಲ್ಯ ಸೋಸೋದು, ಬತ್ತಿ ಹೊಸೆಯೋದು, ತಂಗಿಗೆ ಫೋನು. ಯಾವ ಹೊತ್ತಿಗೆ ಎಲ್ಲಿ ಅಂತ ಅವಳ ಮೈಗೆ ಗೊತ್ತಿತ್ತು. ಆಗಸ್ಟ್‌ನಲ್ಲಿ ಒಂದು ದಿನ ಮಹಡಿ ಕಿಟಕಿಯಿಂದ ಸುಮ್ಮನೆ ನೋಡ್ತಿದ್ದೆ. ಹುಲ್ಲಿನ ಮೇಲೆ ಕುರ್ಚಿಯ ನಾಲ್ಕು ಕಾಲಿನ ಗುರುತು ಅಲ್ಲಲ್ಲಿ ಇತ್ತು. ಒಂದು ಕಡೆ ಮಾತ್ರ ಹುಲ್ಲೇ ಸವೆದು ಮಣ್ಣು ಕಾಣ್ತಿತ್ತು. ಹಿಂದಿನ ಬೇಲಿಯ ನಡುಭಾಗದಲ್ಲಿ, ಬೇಲಿಯಿಂದ ಎರಡು ಹೆಜ್ಜೆ ಈಚೆ. ನನ್ನ ಶೀಟಿನಲ್ಲಿ ಅದು ಎಫ್ 9. ಅದರ ಬಣ್ಣ ಇನ್ನೂ ಹಾಕಿರಲಿಲ್ಲ.

ಗೊತ್ತಾದಮೇಲೂ ಹೇಳಲಿಲ್ಲ. ಅವ್ವ ಕೂರೋ ಜಾಗದಲ್ಲಿ ಗುಂಡಿ ತೋಡ್ತೀನಿ ಅಂತ ಹೇಗೆ ಹೇಳೋದು?

ಅಕ್ಟೋಬರ್ ಮೊದಲ ವಾರ ಎಲೆಗಳು ಹಳದಿಯಾಗಿ ಬಿದ್ದವು. ಕರಿಬೇವಿನ ಕುಂಡವನ್ನ ನಾನು ಪ್ರತಿ ವರ್ಷದ ಹಾಗೆ ಅಡುಗೆಮನೆ ಕಿಟಕಿಗೆ ತಂದಿಟ್ಟೆ. ಚಳಿಗೆ ಅದು ಒಳಗೆ ಬರಬೇಕು, ಚಳಿಗೆ ಇದು ಹೊರಗೇ ಇರಬೇಕು. ಅವ್ವ ಬಾಗಿಲಲ್ಲಿ ನಿಂತು, "ಆ ಗಿಡಾ ಇವತ್ತ ಹಚ್ಚೂಣು" ಅಂದಳು.

"ಜಾಗಾ..."

"ಜಾಗಾ ನಾ ಹೇಳತೇನಿ ಬಾ."

ಸೀದಾ ಆ ಸವೆದ ಹುಲ್ಲಿನ ಹತ್ತಿರ ಹೋಗಿ, ಕುರ್ಚಿ ಎತ್ತಿ ಆಚೆ ಇಟ್ಟಳು.

"ನೀ ಎಲ್ಲಿ ಕುಂಡ್ರತಿ ಮತ್ತ?"

"ಹದಿನೆಂಟ ದಿನಾ ಐತಿ. ಅಲ್ಲೇ ಇಲ್ಲೇ ಎಲ್ಯರ ಕುಂಡ್ರತೇನಿ. ನಾ ಏನ್ ಇಲ್ಲೇ ಇರಾಕ ಬಂದೇನನು?" ಅಂದಳು. ಸಿಟ್ಟಿಲ್ಲ, ಕೊಂಕಿಲ್ಲ. ಬಸ್ ಟೈಮು ಹೇಳಿದ ಹಾಗೆ ಹೇಳಿದಳು.

ನಾನು ಗುದ್ದಲಿ ಹಿಡಿದೆ. ಒಂದಡಿ ತೋಡೋ ಹೊತ್ತಿಗೆ ಬೂದುಗೆಂಪು ಜೇಡಿಮಣ್ಣು ಬಂತು. ಅವ್ವ ಒಂದು ಹಿಡಿ ತಗೊಂಡು ಮುಷ್ಟಿಯಲ್ಲಿ ಒತ್ತಿ, ಉಂಡೆ ಮಾಡಿ, ಬೆರಳಿಂದ ತಿವಿದಳು. ಉಂಡೆ ಒಡೀಲಿಲ್ಲ. "ಬಣ್ಣ ಬ್ಯಾರೆ. ಗುಣಾ ನಮ್ಮ ಎರಿ ಹೊಲದ್ದ" ಅಂದಳು. ಅವ್ವನ ತವರು ಎರೆಭೂಮಿಯ ಕಡೆ. ಮಳೆಗೆ ಅಂಟು, ಬೇಸಿಗೆಗೆ ಬಿರುಕು, ಆ ಮಣ್ಣಿನ ಸ್ವಭಾವ ಅವಳಿಗೆ ಬಾಯಿಪಾಠ. ತಗ್ಗಿನಲ್ಲಿ ಹಚ್ಚಿದರೆ ನೀರು ಹಿಡೀತದೆ, ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರದ ದಿಬ್ಬ ಮಾಡು ಅಂದಳು. ಇಲ್ಲಿನ ತೋಟಗಾರಿಕೆ ಪುಸ್ತಕಗಳೂ ಜೇಡಿಮಣ್ಣಿಗೆ ಅದನ್ನೇ ಹೇಳ್ತವೆ, ನಾನು ಫೆಬ್ರವರಿಯಲ್ಲೇ ಓದಿದ್ದೆ.

ಗಂಡ ಗಾರ್ಡನ್ ಸೆಂಟರಿನಿಂದ ತಂದಿದ್ದ ಕೊಟ್ಟಿಗೆ ಗೊಬ್ಬರದ ಚೀಲ ಹೊತ್ಕೊಂಡು ಬಂದ.

"ಸಗಣಿಗೆ ರೊಕ್ಕಾ ಕೊಟ್ಟೀರಿ?" ಅವ್ವ ಅಳಿಯನ ಎದುರು ಇಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

"ಐದು ಪೌಂಡ್ ಅತ್ತೆ. ಆಫರ್ ಇತ್ತು."

ಅವ್ವ ಐನೂರು ರೂಪಾಯಿ ಚಿಲ್ಲರೆ ಅಂತ ಬೆರಳಲ್ಲಿ ಲೆಕ್ಕ ಹಾಕಿ, ಆಮೇಲೆ ಇಡೀ ಚೀಲ ಸುರಿಸಿದಳು. ಮಣ್ಣು, ಗೊಬ್ಬರ ಕಲೆಸಿ ದಿಬ್ಬ ಮಾಡಿದ್ವಿ. ಗಡ್ಡೆ ಇಡುವಾಗ ಮೊಗ್ಗು ಮಣ್ಣಿನ ಮಟ್ಟಕ್ಕೇ ಇರಬೇಕು, ಮುಚ್ಚಿದರೆ ಕೊಳೆಯುತ್ತೆ. ಅಜ್ಜ ಬೇಲಿಯ ಮೇಲಿಂದ ಕತ್ತು ಚಾಚಿ ನೋಡಿ, ಹೆಬ್ಬೆರಳು ತೋರಿಸಿದ್ರು. ಅವ್ವ ಬುಡದ ಸುತ್ತ ಕೈಯಿಂದ ಒತ್ತಿ, ಎದ್ದು ನಿಂತು, ಸೊಂಟ ಹಿಡ್ಕೊಂಡು, "ಹತ್ತ ವರ್ಷ ಬರತೈತಂತ?" ಅಂದಳು.

ಅವಳಿಗೆ ಯಾರು ಹೇಳಿದ್ದು? ನನ್ನ ಗಂಡ ಬಗ್ಗಿ ಖಾಲಿ ಚೀಲ ಮಡಚೋದರಲ್ಲಿ ಬಹಳ ಮಗ್ನನಾಗಿದ್ದ.

"ಅಂತಾರ" ಅಂದೆ.

"ಬರವಲ್ದ್ಯಾಕ" ಅಂದಳು, ಬರಲಿ ಬಿಡು ಅನ್ನೋ ಹಾಗೆ, ಮತ್ತು ಕೈ ತೊಳೆಯೋಕೆ ಒಳಗೆ ಹೋದಳು.

ಆ ರಾತ್ರಿ ಅವ್ವ ಮಲಗಿದಮೇಲೆ ನಾನೂ ಗಂಡನೂ ಅಡುಗೆಮನೆಯಲ್ಲಿ ಕೂತು ಮಾತಾಡಿದ್ವಿ. ಎಂಟು ವರ್ಷದಲ್ಲಿ ಮೊದಲ ಸಲ 'ಎರಡು ವರ್ಷ' ಅನ್ನೋ ಪದ ಬಳಸದೆ. ಏನೂ ತೀರ್ಮಾನ ಆಗಲಿಲ್ಲ. ಅವನು ವರ್ಷಕ್ಕೆ ಮೂರು ತಿಂಗಳು ಅಲ್ಲಿಂದಲೇ ಕೆಲಸ ಮಾಡೋ ಹಾಗೆ ನೀನು ಮ್ಯಾನೇಜರ್ ಹತ್ತಿರ ಕೇಳು ಅಂದ. ನಾನು ಕೇಳ್ತೀನಿ ಅಂದೆ. ಕೇಳಿದ್ದೀನಿ, ಉತ್ತರ ಇನ್ನೂ ಬಂದಿಲ್ಲ.

ಡಿಸೆಂಬರ್, ಜನವರಿ ಅಲ್ಲಿ ಏನೂ ಕಾಣಲಿಲ್ಲ. ದಿಬ್ಬದ ಮೇಲೆ ಎರಡು ಸಲ ಹಿಮ ಬಿತ್ತು. ಬೀಳಲಿ, ಒಳ್ಳೇದು ಅಂತ ಅಜ್ಜ. ಹೋದ ಭಾನುವಾರ ಬೆಳಿಗ್ಗೆ ಕಾಫಿ ಹಿಡ್ಕೊಂಡು ಹೋದರೆ ಮಣ್ಣಿನ ನಡುವೆ ಒಂದು ಗುಲಾಬಿ ಗುಬಟು, ಹೆಬ್ಬೆರಳಿನ ಉಗುರಿನಷ್ಟು. ಪಕ್ಕದಲ್ಲಿ ಇನ್ನೊಂದು. ಅವ್ವನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನ ನೆಲದ ಹತ್ತಿರ ಹಿಡಿದೆ.

"ಕಾಣವಲ್ದವಾ, ಇನ್ನೊಂಚೂರು ಬಗ್ಗಸು... ಹಾಂ, ಬಂತು ಬಂತು. ನೀರು ನಿಂತಿತ್ತನು?"

"ಇಲ್ಲ."

"ಈ ವರ್ಷಾ ಮುರೀಬ್ಯಾಡ ಮತ್ತ. ಎಲಿನೂ."

"ಹೂಂ."

"ನನ್ನ ಕುರ್ಚಿ ಎಲ್ಲಿ ಇಟ್ಟಿ?"

ಶೆಡ್ಡಿನಲ್ಲಿ, ಸೂಟ್‌ಕೇಸುಗಳ ಮೇಲೆ ಇತ್ತು. ಫೋನ್ ಹಿಡ್ಕೊಂಡೇ ಹೋಗಿ ತಂದೆ. ಅವ್ವ ಸ್ಕ್ರೀನಿನೊಳಗಿಂದ ಎಡಕ್ಕೆ, ಇನ್ನೂ ಎಡಕ್ಕೆ, ಗಿಡಕ್ಕ ನೆರಳ ಬೀಳದಂಗ ಅಂತ ಹೇಳ್ತಾ ಹೋದಳು. ಮನೆಯ ನೆರಳು ಇನ್ನೂ ಹಿತ್ತಲ ತುಂಬ ಇತ್ತು. ಎಲ್ಲಿಟ್ಟರೂ ಒಂದೇ. ಆದರೂ ಅವಳು ಹೇಳಿದ ಜಾಗಕ್ಕೇ ಇಟ್ಟೆ.